ಕಣ್ಣು ಬಾಕಿ ಇರುವ ಗೌರಿ

ಗಂಗಾವತಿಯ ಟಾಕೀಸೊಂದರಲ್ಲಿ ಬಾಗಿಲು ಕಾಯುವುದು ನನ್ನ ಕೆಲಸ. ಆ ವಾರ ಹಳೇ ಇಂಗ್ಲಿಷ್ ಕಾದಂಬರಿಯ ಸಿನಿಮಾ ಕನ್ನಡಕ್ಕೆ ಡಬ್ ಆಗಿ ಬಂದಿತ್ತು. ಸತ್ತ ಹೆಂಡತಿ ಮತ್ತೆ ಹುಟ್ಟಿ ಬರಲಿ ಎಂದು ನೂರಾರು ವರ್ಷ ರಕ್ತ ಕುಡಿದು ಕಾಯುವ ಪಿಶಾಚಿಯ ಕಥೆ.

ಸತತ ಮೂರು ದಿನ ಮ್ಯಾಟಿನಿಗೆ ಒಬ್ಬ ಮುದುಕ ಬಂದ. ಮೂರು ದಿನವೂ ಸಿನಿಮಾ ಮುಗಿಯಲು ಅರ್ಧ ತಾಸು ಇರುವಾಗಲೇ ಎದ್ದು ಬಂದು ಬಾಗಿಲು ತೆಗೆಯಿರಿ ಎಂದ. ನಡುವೆ ತೆಗೆದರೆ ಪರದೆಗೆ ಬೆಳಕು ಬಿದ್ದು ಜನ ನನ್ನನ್ನು ಬೈಯುತ್ತಾರೆ. ಮೂರನೇ ದಿನ ನನಗೆ ಸಿಟ್ಟು ಬಂತು.

"ಅಂಜಿಕಿ ಆದ್ರ ಯಾಕ ಬರ್ತೀರಿ?" ಎಂದೆ.

"ಅಂಜಿಕಿ ಅಲ್ರಿ. ಅವನ ಹೆಂಡ್ತಿ ಮತ್ತ ಹುಟ್ಟಿ ಬಂದು ಅವನ ಗುರುತು ಹಿಡದ್ಲು. ಇನ್ನ ಅವನ್ನ ಕೊಲ್ಲಾಕ ಹೊಂಟಾರ. ಅದನ್ನ ಯಾಕ ನೋಡ್ಲಿ?"

ಮುದುಕ ಕಿನ್ನಾಳದಲ್ಲಿ ಮರದ ಗೊಂಬೆ ಮಾಡುವವನಂತೆ.

"ಬಣ್ಣ ನಾ ಹಚ್ಚತಿದ್ದೆ, ಕಡೀಗೆ ಕಣ್ಣು ನನ್ನ ಹೆಂಡ್ತಿ ಬರೀತಿದ್ಲು. ಕಣ್ಣು ಬರದ್ರನ ಗೊಂಬಿ ಮುಗದಂಗ. ಅಕಿ ತೀರಿಹೋದಾಗಿಂದ ಒಂದು ಗೌರಿ ಗೊಂಬಿ ಕಣ್ಣಿಲ್ಲದ ಹಂಗ ನಿಂತೈತಿ. ನೀನ ಬರಿ ಅಂತಾರ ಎಲ್ಲಾರೂ. ಬರದ್ರ ಮುಗೀತಲ್ರಿ."

ನಾನು ಬಾಗಿಲು ತೆಗೆದೆ. ಅವನು ಬಿಸಿಲಿಗೆ ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ನಿಂತು, ಬಸ್ ಸ್ಟ್ಯಾಂಡ್ ಕಡೆ ನಡೆದ. ಒಳಗಿನವರು ಬೈದರು. ಬೈಸಿಕೊಂಡೆ.

ಶುಕ್ರವಾರ ಆ ಸಿನಿಮಾ ಎತ್ತಿದರು. ಜನಕ್ಕೆ ಅಂಜಿಕೆ ಸಾಲಲಿಲ್ಲವಂತೆ.