ಇನ್ನೊಸೆಂಟ್ ಶನಿಯಾರನ ಪಾಲು

ಶನಿಯಾರ ಹರಿಕಾಂತನಿಗೆ ಒಂದು ಇಡೀ ಪಾಲು ಬರಬೇಕು. ಎಂಟು ವರ್ಷವಾಯಿತು, ಕೊಟ್ಟಿಲ್ಲ. ಕೊಡಬೇಕಾದವರಲ್ಲಿ ನಾನೂ ಒಬ್ಬ.

ಧಾರೇಶ್ವರದ ಕಡೆಯ ನಮ್ಮ ದಂಡೆಯಲ್ಲಿ ಆಗ ರಂಪಣಿ ಬಲೆ ಎಳೆಯುತ್ತಿದ್ದೆವು. ಬಲೆಯ ಎರಡೂ ತುದಿಯ ಹಗ್ಗ ಹಿಡಿದು ಎಂಬತ್ತು ಜನ ಮರಳಿಗೆ ಹಿಮ್ಮಡಿ ಊರಿ ಜಗ್ಗಬೇಕು. ಇದ್ದದ್ದು ಒಂದೇ ಕಾನೂನು: ಹಗ್ಗಕ್ಕೆ ಕೈ ಹಾಕಿದವನಿಗೆ ಪಾಲು. ತಡವಾಗಿ ಬಂದು ಕೊನೆಯ ಎರಡು ಮಾರು ಎಳೆದರೂ ಪಾಲೇ. ಮೀನು ಬಿದ್ದರೆ ಮೀನಿನಲ್ಲಿ, ಬಲೆ ಹರಿದರೆ ನಷ್ಟದಲ್ಲಿ. ಮಕ್ಕಳು, ತಲೆ ಸರಿಯಿಲ್ಲದವರು ಹಗ್ಗ ಮುಟ್ಟಿದರೆ ಮಾತ್ರ ಪಾಲಿಲ್ಲ. ಅವರ ಕೈಗೆ ಒಂದು ಬೊಗಸೆ ಮೀನು ಹಾಕಿ ಸಾಗಹಾಕುವುದು.

ಎಪ್ಪತ್ತೊಂಬತ್ತರಲ್ಲಿ ಇಂಜಿನ್ ಬೋಟುಗಳು ದಡದ ಬುಡಕ್ಕೇ ಬಂದು ಬಂಗಡೆ ಹಿಂಡನ್ನು ಸುತ್ತುಹಾಕಿ ಗೋರಿಕೊಂಡು ಹೋದವು. ನಾವು ಹೊನ್ನಾವರದಲ್ಲಿ ರಸ್ತೆಗೆ ಅಡ್ಡ ಮಲಗಿದೆವು, ಲಾಠಿ ತಿಂದೆವು. ಬಂಗಡೆ ವಾಪಸು ಬರಲಿಲ್ಲ. ಒಂದು ಬೆಳಿಗ್ಗೆ, ನೀರಿನ ಇಳಿತಕ್ಕೆ ಸಿಕ್ಕಿ ಮರಳು ಕಚ್ಚಿ ನಿಂತಿದ್ದ ಬೋಟೊಂದಕ್ಕೆ ನಮ್ಮ ಮುಂದಾಳು ದೇವು ಬೆಂಕಿ ಹಚ್ಚಿದ. ಸೀಮೆಎಣ್ಣೆ ಡಬ್ಬಿ ಹೊತ್ತವನು ನಾನು.

ಗಾಳಿ ತಿರುಗಿತು. ಕಿಡಿ ಹಾರಿ ನಮ್ಮದೇ ಬಲೆ ಇಟ್ಟಿದ್ದ, ತೆಂಗಿನ ಮಡ್ಲು ಹೊದಿಸಿದ ಚಪ್ಪರದ ಕಡೆ ಬೀಳತೊಡಗಿತು. ನಾವು ಓಡಿದೆವು. ಹಲ್ಲುಜ್ಜುತ್ತ ಬಂದ ಶನಿಯಾರನಿಗೆ ಬೆಂಕಿ ಯಾರದೆಂದು ಗೊತ್ತಿಲ್ಲ, ಬಲೆ ಸುಡುತ್ತದೆಂದು ಮಾತ್ರ ಗೊತ್ತು. ಬೋಟಿನ ಮೂತಿಗೆ ಹಗ್ಗ ಬಿಗಿದು, ಹತ್ತು ಜನರನ್ನು ಕೂಗಿ ಕರೆದು, ಉರಿಯುವ ಬೋಟನ್ನು ನೀರಿಗೆ ಎಳೆಸಿದ. ಅವನ ಅಂಗೈ ಸುಟ್ಟಿತು. ಬಲೆ ಉಳಿಯಿತು.

ಪೊಲೀಸರು ಬಂದಾಗ ಊರಿಗೆ ಊರೇ ಕುರುಡಾಗಿತ್ತು. ಯಾರೂ ಏನೂ ಕಂಡಿಲ್ಲ. ಶನಿಯಾರನನ್ನು ಕೇಳಿದರು, ನೀನಿದ್ದೆಯಾ ಎಂದು.

"ಹಗ್ಗಕ್ಕೆ ಕೈ ಹಾಕಿದ್ನಲ್ಲ ಸಾಯೇಬ್ರೆ. ನಂದೂ ಒಂದು ಪಾಲು ಅದೆ."

ಇದನ್ನೇ ಮ್ಯಾಜಿಸ್ಟ್ರೇಟರ ಎದುರೂ ಹೇಳಿದ. ದಂಡೆಯ ಕಾನೂನು ಬಿಟ್ಟು ಅವನಿಗೆ ಬೇರೆ ಕಾನೂನು ಗೊತ್ತಿರಲಿಲ್ಲ. ಆ ಬೋಟಿನ ಹಗ್ಗ ಹಿಡಿದವನು ಆ ಬೋಟಿನ ಪಾಪದಲ್ಲಿ ತನಗೆ ಪಾಲು ಇಲ್ಲ ಎಂದರೆ ಅವನ ಲೆಕ್ಕದಲ್ಲಿ ಅದು ಕಳ್ಳತನ. ಹೆಬ್ಬೆಟ್ಟು ಒತ್ತಿಸಿಕೊಂಡು ಒಳಗೆ ಹಾಕಿದರು.

ಹದಿನಾಲ್ಕು ತಿಂಗಳು. ಜಾಮೀನು ಕೊಡಿಸಬಹುದಿತ್ತು. ಕೊಡಿಸಲಿಲ್ಲ. ಒಬ್ಬ ಒಳಗಿದ್ದರೆ ಚಳವಳಿಗೆ ಕಳೆ ಬರುತ್ತದೆ ಎಂದು ದೇವು ಹೇಳಿದ, ನಾವು ಹೂಂ ಎಂದೆವು. ಅವನ ಫೋಟೋ ಹಲಗೆಗೆ ಅಂಟಿಸಿ ಕುಮಟೆಯಿಂದ ಭಟ್ಕಳದವರೆಗೆ ಹೊತ್ತೆವು. ಒಳ್ಳೆಯ ಫೋಟೋ. ಚಂದಾ ಚೆನ್ನಾಗಿ ಎದ್ದಿತು.

ಕೇಸು ನಡೆಸಿದವರು ನಮ್ಮ ವಕೀಲ ರಮಾನಂದರು. ಆಸಾಮಿ ತಾನೇ ಒಪ್ಪಿಕೊಂಡಿದ್ದಾನೆ, ಇನ್ನು ಉಳಿದದ್ದು ಒಂದೇ ದಾರಿ ಎಂದರು. ಇನ್ನೊಸೆಂಟ್ ಎನ್ನಬೇಕು. ಇಂಗ್ಲಿಷಿನವರಿಗೆ ತಪ್ಪು ಮಾಡದವನೂ ಅದೇ, ಏನೂ ತಿಳಿಯದ ಕೂಸೂ ಅದೇ. ಮೊದಲನೆಯದನ್ನು ಸಾಧಿಸಲು ಬೆಂಕಿ ಹಚ್ಚಿದವನ ಹೆಸರು ಬೇಕು, ಎರಡನೆಯದಕ್ಕೆ ಶನಿಯಾರನ ಹೆಂಡತಿ ಸಾಕು. ಹೆಸರು ಕೊಡಬಲ್ಲವರು, ದೇವು ಮತ್ತು ನಾನು, ಇಬ್ಬರೂ ಎದುರಿಗೇ ಕೂತಿದ್ದೆವು. ಚಹಾ ಕುಡಿದೆವು.

ಹೆಂಡತಿ ಮಂಜಿ ಕಟಕಟೆ ಹತ್ತಿ, ಕಲಿಸಿದಷ್ಟೂ ಹೇಳಿದಳು. ಇವರಿಗೆ ವಾರದ ದಿನ ಎಣಿಸಲು ಬರುವುದಿಲ್ಲ. ಉಣ್ಣು ಎಂದರೆ ಉಣ್ಣುತ್ತಾರೆ. ಯಾರು ಏನು ಕೇಳಿದರೂ ಹೌದು ಎನ್ನುತ್ತಾರೆ. ಗಾಳಿ ನೋಡಿ ನಾಳೆಯ ಮೀನು ಹೇಳುತ್ತಿದ್ದ ಗಂಡ ಅವಳನ್ನೇ ನೋಡುತ್ತ ನಿಂತಿದ್ದ. ಕೋರ್ಟು ಅವನನ್ನು ಬಿಟ್ಟಿತು. ತೀರ್ಪು ಇಂಗ್ಲಿಷಿನ ಎರಡು ಹಾಳೆ. ಇವನು ಇನ್ನೊಸೆಂಟ್, ಇವನ ಮಾತಿಗೆ ಯಾವ ಬೆಲೆಯೂ ಕೊಡಲಾಗದು ಎಂದು ರಮಾನಂದರು ದಂಡೆಯಲ್ಲೇ ನಿಂತು ಅರ್ಥ ಹೇಳಿದರು. ಪಟಾಕಿ ಹೊಡೆದೆವು.

ಮರುದಿನ ಶನಿಯಾರ ಹಗ್ಗಕ್ಕೆ ಬಂದ. ಎಳೆದ. ಪಾಲು ಹಂಚುವ ತಾಂಡೇಲ ಮಾಸ್ತಿ, ಬಿದ್ದ ಸಣ್ಣ ಮೀನಿನಲ್ಲೇ ಎಲ್ಲರಿಗೂ ಬುಟ್ಟಿ ತುಂಬಿಸಿದ. ಶನಿಯಾರನ ಸರದಿಗೆ ಒಂದು ಬೊಗಸೆ ಮೀನು ಎತ್ತಿ ಹಿಡಿದ.

"ತಕ. ನಿಂಗೆ ಎಂತದೂ ತಿಳೀತಿಲ್ಲ ಅಂತ ಕೋರ್ಟೇ ಹೇಳದೆ. ನಾ ಎಂತ ಮಾಡ್ಲಿ?"

"ಇಂಗ್ಲಿಷಲ್ಲಿ ಬರ್ದದ್ದು ಮಾರಾಯ, ತಪ್ಪಿರೂದಿಲ್ಲ," ಎಂದ ದೇವು. ಬೆಂಕಿ ಹಚ್ಚಿದವನು ಅವನೆಂದು ದಂಡೆಗೆಲ್ಲ ಗೊತ್ತು. ಅದಕ್ಕೇ ಅವನ ಬುಟ್ಟಿ ದೊಡ್ಡದು.

ಎಲ್ಲರೂ ನಕ್ಕರು. ನಾನೂ ನಕ್ಕೆ.

ಶನಿಯಾರ ನನ್ನ ಕಡೆ ತಿರುಗಿದ. "ನೀ ಹೇಳು. ಆ ದಿನ ನಾ ತಿಳೀದೆ ಎಳೆದ್ನಾ?"

ನಾನು ಹೇಳಬಹುದಿತ್ತು. ಹೇಳಿದರೆ, ಓಡಿದವರು ಯಾರು ಎಂಬುದನ್ನೂ ಹೇಳಬೇಕಿತ್ತು. ಬಲೆ ಕೊಡವುವವನಂತೆ ಬಗ್ಗಿದೆ. ಅವನು ಬೊಗಸೆ ಮೀನನ್ನು ಒಂದೊಂದಾಗಿ ಮರಳಿನ ಮೇಲೆ ಇಟ್ಟು ಹೋದ. ಕಾಗೆ ತಿಂದವು.

ಮತ್ತೆ ಹಗ್ಗಕ್ಕೆ ಬರಲಿಲ್ಲ. ಗಂಡ ಹೆಂಡತಿ ಭಟ್ಕಳ ಸೇರಿದರು. ಈಗ ಬಂದರಿನಲ್ಲಿ ಅದೇ ಇಂಜಿನ್ ಬೋಟುಗಳಿಗೆ ಐಸು ಒಡೆಯುತ್ತಾನೆ. ಇನ್ನೊಸೆಂಟ್ ಎಂಬ ಹೆಸರು ಅವನಿಗಿಂತ ಮೊದಲೇ ಬಸ್ಸು ಹತ್ತಿ ಅಲ್ಲಿಗೆ ಹೋಗಿತ್ತು. ಐಸಿನ ಚೂರು ಎಸೆಯುವ ಮಕ್ಕಳಿಗೂ ಅದು ಗೊತ್ತು.

ಹೋದ ವರ್ಷ ಮೀನು ಪೇಟೆಯಲ್ಲಿ ಮಂಜಿ ಸಿಕ್ಕಳು. ಬೈಯಲಿಲ್ಲ. "ನಾ ಕೋರ್ಟಲ್ಲಿ ಹೇಳಿದ ಸುಳ್ಳೆಲ್ಲ ಈಗ ಖರೇ ಆತು ನೋಡು," ಎಂದಳು. "ಉಣ್ಣು ಅಂದ್ರೆ ಉಣ್ತಾರೆ. ದಿನ ಎಣಿಸೂದಿಲ್ಲ."

ಇಷ್ಟು ಓದಿ ಪಾಪ ಎನ್ನಬೇಡಿ. ಪಾಪ ಎಂಬುದು ಮಾಸ್ತಿಯ ಬೊಗಸೆ. ಬೆಂಕಿ ಯಾರದು, ಡಬ್ಬಿ ಯಾರದು, ನಿಮಗೀಗ ಗೊತ್ತು. ನೀವೂ ಹಗ್ಗಕ್ಕೆ ಕೈ ಹಾಕಿಯಾಯಿತು. ಭಟ್ಕಳದ ಬಂದರಿಗೆ ಹೋಗಿ. ಐಸು ಒಡೆಯುವವನ ಎದುರು ಕೂತು, ಆ ಬೆಳಿಗ್ಗೆ ಏನಾಯಿತೆಂದು ಅವನ ಬಾಯಿಂದಲೇ ಕೇಳಿ, ಹೇಳಿದಂತೆ ಬರೆದುಕೊಳ್ಳಿ; ಅವನ ಮಾತಿಗೆ ಬೆಲೆ ಬಂದರೆ ಅದೇ ಅವನ ಪಾಲು. ಅವನ ಹೆಬ್ಬೆಟ್ಟು ಸಾಕಷ್ಟು ಆಗಿದೆ. ಕೆಳಗೆ ಸಾಕ್ಷಿಯಾಗಿ ನಿಮ್ಮ ಸಹಿ ಹಾಕಿ.