ಗುಡ್ಡದಮ್ಮನ ನೆತ್ತಿಯ ಬಾಣ

ಬ್ರಿಟಿಷರು ನಮ್ಮನ್ನು ಆಳಿದ ಪಾಠವನ್ನು ನಿವೃತ್ತಿಯಾಗುವವರೆಗೂ ಹುಣಸೂರಿನ ಮಕ್ಕಳಿಗೆ ಹೇಳಿದವಳು ನಾನು. ಮಕ್ಕಳು ಪರೀಕ್ಷೆಯ ಮಾರನೆಯ ದಿನವೇ ಅದನ್ನು ಮರೆಯುತ್ತಿದ್ದರು. ಮರೆಯಲಾಗದೆ ಕೆಟ್ಟವಳು ನಾನೊಬ್ಬಳೇ.

ಆಮೇಲೆ ರಾವಂದೂರಿನ ಹತ್ತಿರದ ಹಳ್ಳಿಯೊಂದರಲ್ಲಿ ಮನೆ ಹಿಡಿದೆ. ಮದುವೆಯಾಗಲಿಲ್ಲ, ಅದರ ಕೊರಗೂ ಇರಲಿಲ್ಲ. ಆದರೆ ಸಂಜೆ ಹೊತ್ತು ಮಾತಾಡಲು ಒಬ್ಬರಾದರೂ ಬೇಕು ಎನ್ನುವುದು ಇಲ್ಲಿಗೆ ಬಂದ ಮೇಲೆ ಗೊತ್ತಾಯಿತು. ಆ ಒಬ್ಬರು ಎದುರು ಮನೆಯಾಕೆ. ಹೊಗೆಸೊಪ್ಪು ಬೆಳೆಯುವ ಮನೆಯವರು. ನನ್ನ ಜಗುಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಾ ಊರ ಸುದ್ದಿಯನ್ನೆಲ್ಲ ಒಪ್ಪಿಸುತ್ತಿದ್ದರು.

ನಮ್ಮ ಬೀದಿಯ ಹೆಂಗಸರು ವರ್ಷಕ್ಕೊಮ್ಮೆ ಊರಾಚೆಯ ಬೋಳುಗುಡ್ಡ ಹತ್ತಿ ಗುಡ್ಡದಮ್ಮನಿಗೆ ಎಣ್ಣೆ ಎರೆದು, ಅಲ್ಲೇ ಅಡುಗೆ ಮಾಡಿ ಉಣ್ಣುತ್ತಾರೆ. ಗುಡ್ಡದಮ್ಮ ಅಂದರೆ ಒಂದು ಮೋಟುಕಲ್ಲು. ಹಿಂದಿನ ಸಂಜೆ ಮನೆಮನೆಗೆ ಕುಂಕುಮ ತಂದು ಕರೆಯುತ್ತಾರೆ. ಕರೆ ಬಾರದವರು ಹೋಗುವ ಹಾಗಿಲ್ಲ. ಹೋದ ವರ್ಷ ನನ್ನನ್ನೂ ಕರೆದರು. ಹೊಸ ಸೀರೆ ಉಟ್ಟು ಹೋದೆ. ಸುಳ್ಳೇಕೆ, ಬಹಳ ಖುಷಿಯಾಗಿತ್ತು.

ಎದುರು ಮನೆಯಾಕೆಯ ಮಗಳಿಗೆ ಬಹಳ ಕಾಲದ ಮೇಲೆ ಮಗುವಾಗಿತ್ತು. ಹರಕೆ ತೀರಿಸಲು ಆಕೆ ಮೊಮ್ಮಗುವನ್ನು ತಂದಿದ್ದರು. ಎಣ್ಣೆ ಎರೆಯುವ ಮುಂಚೆ ಹಳೆಯ ಜಿಡ್ಡನ್ನು ತೆಂಗಿನ ನಾರಿನಲ್ಲಿ ಉಜ್ಜಿದಾಗ ಕಲ್ಲಿನ ನೆತ್ತಿಯಲ್ಲಿ ಕೊರೆದ ಬಾಣದ ಗುರುತು ಕಂಡಿತು. ನನ್ನ ಬಾಯಿ ಸುಮ್ಮನಿರಬೇಕಲ್ಲ. "ಇದು ಇಂಗ್ಲಿಷರ ಸರ್ವೆ ಕಲ್ಲು, ಬಾಣ ಅವರ ಸರ್ಕಾರದ ಗುರುತು" ಎಂದೆ.

"ನಮ್ಮನ್ನ ಆಳಿದ್ದು ಮಾರಾಜ್ರು ಕಣ್ರೀ ಮೇಡಂ. ಇಂಗ್ಲೀಸ್ನೋರ್ಗೆ ನಮ್ ಗುಡ್ಡದ್ ಮೇಲೇನ್ ಕೆಲ್ಸ?" ಎಂದರು ಆಕೆ, ನಗುತ್ತಲೇ.

ನಾನು ಶ್ರೀರಂಗಪಟ್ಟಣ ಬಿದ್ದಲ್ಲಿಂದ ಶುರುಮಾಡಿದೆ. ಸಿಂಹಾಸನದ ಮೇಲೆ ಅರಸರು, ಅರಸರ ತಲೆಯ ಮೇಲೆ ಇಂಗ್ಲಿಷರು. ಆಮೇಲೆ ಕಮಿಷನರುಗಳದೇ ದರ್ಬಾರು. ಅಳೆಯದೆ ನಾಡು ಕೈಗೆ ಸಿಗದು ಎಂದು ಗುಡ್ಡಗುಡ್ಡಕ್ಕೂ ಕಲ್ಲು ನೆಟ್ಟು, ದುರ್ಬೀನು ಹಿಡಿದು ಅಳೆದದ್ದು. ಎಲ್ಲ ಹೇಳಿದೆ. ಒಲೆಯ ಮೇಲೆ ಅನ್ನ ಸೀದಿತು. ಯಾರೂ ಎದ್ದು ಇಳಿಸಲಿಲ್ಲ.

ಆಕೆ ಮಗುವನ್ನು ಎದೆಗೆತ್ತಿಕೊಂಡು, "ಅಂಗಾರೆ ಈ ಕೂಸ್ನ ಕೊಟ್ಟೋರ್ ಯಾರು? ಅದ್ನೂ ಏಳ್ಬುಡಿ" ಎಂದರು. ನಾನು ಎದ್ದು ಹೋಗಿ ಸೀದ ಅನ್ನ ಇಳಿಸಿದೆ.

ಜಗಳವೇನೂ ಆಗಲಿಲ್ಲ. ದಾರಿಯಲ್ಲಿ ಸಿಕ್ಕರೆ "ಊಟ ಆಯ್ತಾ ಮೇಡಂ" ಎನ್ನುತ್ತಾರೆ, ನಿಲ್ಲುವುದಿಲ್ಲ. ಅವರೆಕಾಯಿ ಈಗ ಬೇರೆಯವರ ಜಗುಲಿಯಲ್ಲಿ ಸುಲಿಯುತ್ತಾರೆ. ಅಲ್ಲಿಂದ ನಗು ಕೇಳಿಸುತ್ತದೆ, ಹೊಟ್ಟೆ ಉರಿಯುತ್ತದೆ. ನಾನು ಹೇಳಿದ್ದು ನಿಜ, ಇವತ್ತಿಗೂ ಒಂದಕ್ಷರ ಬದಲಿಸಲಾರೆ. ಆದರೆ ಆ ನಿಜವನ್ನು ಮುಂದಿಟ್ಟುಕೊಂಡು ಒಬ್ಬಳೇ ಕಾಫಿ ಕುಡಿಯುವುದು ತುಂಬಾ ಕಷ್ಟ.

ಈ ವರ್ಷದ ಪೂಜೆ ನಾಡಿದ್ದು. ಬೆಳಿಗ್ಗೆ ವಾಕಿಂಗ್ ಹೊರಟವಳು ಗುಡ್ಡದ ಕಡೆ ತಿರುಗಿದೆ. ಮೇಲೆ ಯಾರೂ ಇರಲಿಲ್ಲ. ಬಾಣ ಮತ್ತೆ ಜಿಡ್ಡಿನಲ್ಲಿ ಮುಚ್ಚಿಹೋಗಿತ್ತು. ಅತ್ತಿತ್ತ ನೋಡಿ ಚಪ್ಪಲಿ ಬಿಟ್ಟೆ. ನಾಳೆ ಸಂಜೆ ನನ್ನ ಮನೆಗೂ ಕುಂಕುಮ ಬರಲಿ ಎಂದು ಇಂಗ್ಲಿಷರ ಆ ಕಲ್ಲಿಗೆ ಕೈಮುಗಿದು ಬೇಡಿಕೊಂಡೆ.