ಸುವಾರ್ತಮ್ಮನ ಮನೆಯ ಸಂಜೆ ಪ್ರಾರ್ಥನೆ

“ನಾನು ಬರಲ್ಲ ಅಂದ್ರೆ ಬರಲ್ಲ! ‘ಹುಳ ಸಾಯಿಸಿದೋಳು ಬಂದ್ಳು’ ಅನ್ನಿಸ್ಕೊಳ್ಳೋಕೆ ಬರ್ಲಾ?”

“ಮೂರು ವರ್ಷ ಆಯ್ತು ಕಣೇ. ಅದನ್ನ ಯಾರು ನೆನಪಿಟ್ಕೊಂಡಿದಾರೆ?”

“ನಾನಿಟ್ಕೊಂಡಿದೀನಿ. ಸಾಲ್ದಾ?”

ಸಾದಲಿ ಹೋಬಳಿಯ ಒಂದು ಹಳ್ಳಿ. ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಹೊಸ್ತಿಲೊಳಗೆ ಪಿಯುಸಿ ಓದುವ ಮಗಳು ಎಸ್ತೇರು, ಹೊರಗೆ ತಾಯಿ ಸುವಾರ್ತಮ್ಮ. ಪಕ್ಕದ ಬೀದಿಯ ಚೆನ್ನರಾಯಪ್ಪನವರ ರೇಷ್ಮೆ ಹುಳು ಹಣ್ಣಾಗಿವೆ. ಹಣ್ಣಾದ ಹುಳು ಯಾರಿಗೂ ಕಾಯುವುದಿಲ್ಲ. ಆವತ್ತೇ ಆರಿಸಿ, ಗೂಡು ಕಟ್ಟಿಸುವ ಬಿದಿರು ತಟ್ಟೆಯಾದ ಚಂದ್ರಿಕೆಯ ಮೇಲೆ ಬಿಡದಿದ್ದರೆ ಸೊಪ್ಪಿನ ಕಸದಲ್ಲೇ ಗೂಡು ಸುತ್ತಿಬಿಡುತ್ತವೆ. ಅದಕ್ಕೇ ಚೆನ್ನರಾಯಪ್ಪನವರ ಹೆಂಡತಿ ಮುನಿಶಾಮಮ್ಮ ಬೆಳಗಾಗುವ ಮೊದಲೇ ಫೋನ್ ಮಾಡಿದ್ದಾರೆ: “ಆಳು ಸಾಲಲ್ಲ, ನಿನ್ ಮಗಳನ್ನೂ ಕರ್ಕೊಂಡು ಬಾರಮ್ಮ.”

“ಬೇಡ್ದೇ ಇದ್ದಾಗ ಬಾಗಿಲಾಚೆ, ಆಳು ಸಾಲ್ದಾಗ ಬಾಗಿಲೊಳಗಾ? ನೀನು ಹೋಗಮ್ಮ,” ಎನ್ನುತ್ತಾಳೆ ಎಸ್ತೇರು. ಬಾಗಿಲು ಮುಚ್ಚಿಕೊಳ್ಳುತ್ತದೆ.

ಸುವಾರ್ತಮ್ಮ ಸೆರಗು ಬಿಗಿದು ಒಬ್ಬರೇ ನಡೆಯುತ್ತಾರೆ.

ಹುಳು ಮನೆಯೊಳಗೆ ಸೊಪ್ಪಿನ ಹಸಿ ವಾಸನೆ. ಹಣ್ಣಾದ ಹುಳು ಮೇವು ಬಿಟ್ಟು, ಮೈ ತಿಳಿ ಹಳದಿಗೆ ತಿರುಗಿ, ತಲೆ ಎತ್ತಿ ಆಡಿಸುತ್ತದೆ. ಲೈಟು ಹಾಕುವ ಮೊದಲೇ ಸುವಾರ್ತಮ್ಮನ ಬೆರಳು ಅದನ್ನು ಪತ್ತೆ ಹಚ್ಚುತ್ತದೆ. ಒಂದು ಚಂದ್ರಿಕೆಗೆ ಸಾವಿರದಷ್ಟು ಹುಳು. ಒತ್ತಿದರೆ ಸಾಯುತ್ತದೆ, ಸಡಿಲ ಬಿಟ್ಟರೆ ಜಾರುತ್ತದೆ. ಮಧ್ಯಾಹ್ನದವರೆಗೆ ಬೆನ್ನು ಎತ್ತುವಂತಿಲ್ಲ. ಮದುವೆಮನೆಯಲ್ಲಿ ಸೀರೆಯ ಅಂಚು ಸವರಿ ಬೆಲೆ ಕೇಳುವವರಿಗೆ ಈ ಬೆನ್ನು ಕಾಣುವುದಿಲ್ಲ. ಕಾಣಬೇಕೆಂಬ ಆಸೆಯೂ ಅವರಿಗಿಲ್ಲ.

ಇದು ಕೂಲಿಯ ಕೆಲಸ. ಸುವಾರ್ತಮ್ಮ ಮನಸ್ಸಿಟ್ಟು ಮಾಡುವ ಕೆಲಸ ಬೇರೆ ಇದೆ: ಮಕ್ಕಳಿಗೆ ಪ್ರಾರ್ಥನೆ ಕಲಿಸುವುದು. ಅವರ ಕ್ರೈಸ್ತ ಸಭೆ ಸೇರುವುದು ಶಿಡ್ಲಘಟ್ಟದಲ್ಲಿ, ಒಂದು ಶೀಟಿನ ಮನೆಯಲ್ಲಿ. ಹುಳು ಪೊರೆ ಬಿಡುವ ಕೊನೆಯ ಜ್ವರ ದಾಟಿ ಹೊತ್ತುಹೊತ್ತಿಗೆ ಸೊಪ್ಪು ಬೇಡುವಾಗ ಭಾನುವಾರವೂ ಇಲ್ಲ, ಹಬ್ಬವೂ ಇಲ್ಲ. ಹಾಗಾಗಿ ಮಕ್ಕಳಿಗೆ ಮನೆಯೇ ಸಭೆ. ಗಂಡ ದಾವೀದಪ್ಪ ಚಿಕ್ಕಬಳ್ಳಾಪುರದ ತರಕಾರಿ ಮಾರುಕಟ್ಟೆಯಲ್ಲಿ ಮೂಟೆ ಹೊತ್ತು ಸಂಜೆ ಬಂದಮೇಲೆ ಚಾಪೆ ಹಾಸುತ್ತಾರೆ. ಅವರು ಬೈಬಲ್ ಓದುತ್ತಾರೆ, ಆಮೇಲೆ ಒಬ್ಬೊಬ್ಬರೇ ಬಾಯಿಬಿಟ್ಟು ಪ್ರಾರ್ಥಿಸಬೇಕು.

“ನಂಗೆ ಓದು ಬರಲ್ಲ. ಆದ್ರೆ ಬಾಯಿಪಾಠದ ಪ್ರಾರ್ಥನೆ ನಾನು ಒಪ್ಪಲ್ಲ,” ಎನ್ನುತ್ತಾರೆ ಸುವಾರ್ತಮ್ಮ. “ಹೊಟ್ಟೆ ನೋಯ್ತಿದ್ರೆ ಹೊಟ್ಟೆ ನೋವು ಅನ್ನು. ಯಾರ ಮೇಲಾದ್ರೂ ಸಿಟ್ಟಿದ್ರೆ ಅದನ್ನೂ ಹೇಳು. ಅವ್ನಿಗೆ ಗೊತ್ತಿಲ್ದೇ ಇರೋದು ಏನಿದೆ ಅಂತ ಹೇಳ್ಕೊಟ್ಟೆ.” ಚಿಕ್ಕವಳು ಕೃಪ ಇದನ್ನು ಚೆನ್ನಾಗಿಯೇ ಕಲಿತಿದ್ದಾಳೆ. ಎದುರು ಮನೆಯ ಹುಂಜ ತನ್ನನ್ನು ಅಟ್ಟಿಸಿಕೊಂಡು ಬರದಿರಲಿ ಎಂದು ದಿನಾ ಬೇಡುತ್ತಾಳೆ. ದಾವೀದಪ್ಪ ಕಣ್ಣು ಮುಚ್ಚಿಕೊಂಡೇ ನಗು ತಡೆಯುತ್ತಾರೆ.

ಎಸ್ತೇರೂ ಹೀಗೇ ಮನಸ್ಸು ಬಿಚ್ಚುತ್ತಿದ್ದಳು. ಅವಳು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಶಾಲೆಯ ವಾರ್ಷಿಕೋತ್ಸವದಲ್ಲಿ ಹಾಡಬೇಕಿತ್ತು. ಬರುತ್ತೇನೆಂದು ಮಾತು ಕೊಟ್ಟಿದ್ದ ತಾಯಿ, ಮುನಿಶಾಮಮ್ಮನ ಹುಳು ಹಣ್ಣಾಗುವ ಹೊತ್ತೆಂದು ಆಗಲ್ಲ ಎಂದುಬಿಟ್ಟರು. ಹುಡುಗಿ ಮುಸುಕು ಹಾಕಿಕೊಂಡು ಆ ಹುಳುಗಳೆಲ್ಲ ಸಾಯಲಿ ಎಂದು ದೇವರನ್ನು ಬೇಡಿದಳು. ಎರಡು ದಿನದಲ್ಲಿ ಹುಳುವಿಗೆ ಮೈ ಊದಿ, ಒಡೆದು ಹಾಲಿನಂಥ ನೀರು ಸುರಿದು ಸಾಯುವ ಹಾಲು ರೋಗ ಬಂತು. ಬುಟ್ಟಿ ಬುಟ್ಟಿ ತುಂಬಿ ಗುಂಡಿಗೆ ಸುರಿದರು. ಹಾಲು ರೋಗ ಹುಡುಗಿಯರ ಬೇಡಿಕೆಗೆ ಬರುವುದಿಲ್ಲ. ಹುಳು ಸಾಕುವವರಿಗೆಲ್ಲ ಅದು ಗೊತ್ತು. ಆದರೆ ಮಗುವಿಗೆ ಯಾರು ಹೇಳಬೇಕು? ಹೆದರಿ, ಸಂಜೆ ಪ್ರಾರ್ಥನೆಯಲ್ಲಿ ಎಲ್ಲವನ್ನೂ ಹೇಳಿ ಅತ್ತಳು.

ಸುವಾರ್ತಮ್ಮ ಮಗಳನ್ನು ತಬ್ಬಿಕೊಂಡರು. ಅಲ್ಲಿಗೆ ಬಿಟ್ಟಿದ್ದರೆ ಮುಗಿಯುತ್ತಿತ್ತು. ಮುಂದಿನ ಭಾನುವಾರ ಸಭೆಯಲ್ಲಿ, ದೇವರು ತಮಗೆ ಮಾಡಿದ್ದನ್ನು ಎಲ್ಲರೆದುರು ಹೇಳುವ ಸಾಕ್ಷಿಯ ಹೊತ್ತಿಗೆ ಎದ್ದು ನಿಂತು, ದೇವರು ತನ್ನ ಮಗಳ ಮನಸ್ಸನ್ನು ಹೇಗೆ ಮುಟ್ಟಿದ ಎಂದು ಹೆಮ್ಮೆಯಿಂದ ಎಲ್ಲವನ್ನೂ ಹೇಳಿದರು. ಹಲ್ಲೆಲೂಯಾ ಎಂದು ಸಭೆ ಕಣ್ಣೊರೆಸಿಕೊಂಡಿತು. ಮುಂದಿನ ಚಾಪೆಯಲ್ಲಿ ತಲೆ ತಗ್ಗಿಸಿ ಕೂತಿದ್ದ ಹುಡುಗಿಯ ಕಡೆ ಒಬ್ಬರಾದರೂ ನೋಡಿದರೇ? ಮಾರನೆಯ ದಿನ ಸುದ್ದಿ ಹಳ್ಳಿಯಲ್ಲಿತ್ತು. ಮುನಿಶಾಮಮ್ಮ ಬೈಯಲಿಲ್ಲ. “ನೀನು ಬಾರಮ್ಮ. ಮಗಳನ್ನ ಮಾತ್ರ ಹುಳು ಮನೆ ಹತ್ರ ಬಿಡ್ಬೇಡ,” ಎಂದರು, ಅಷ್ಟೇ. ಶಾಲೆಯಲ್ಲಿ ಹುಡುಗಿಗೆ ಹೊಸ ಹೆಸರು ಬಿತ್ತು.

ಆವತ್ತಿನಿಂದ ಎಸ್ತೇರು ಚಾಪೆಯ ಮೇಲೆ ಕೂರುತ್ತಾಳೆ, ಬಾಯಿ ಬಿಡುವುದಿಲ್ಲ. ಅವಳ ಸರದಿ ಬಂದಾಗ ಮನೆಯೆಲ್ಲ ಸುಮ್ಮನಾಗುತ್ತದೆ. ಆಮೇಲೆ ಕೃಪ ಶುರು ಮಾಡುತ್ತಾಳೆ.

“ಆ ಸುಮ್ನಿರೋ ಹೊತ್ತಿದೆಯಲ್ಲ, ಅದು ನನ್ನ ಕೊಲ್ಲುತ್ತೆ,” ಎನ್ನುತ್ತಾರೆ ಸುವಾರ್ತಮ್ಮ. “ದಿನಾ ಅನ್ಕೋತೀನಿ, ಇವತ್ತು ‘ತಂದೇ’ ಅಂತಾಳೆ, ಇವತ್ತು ಅಂತಾಳೆ ಅಂತ. ಕಿವಿ ಅಲ್ಲೇ ಇರುತ್ತೆ.”

ಹುಳು ಮನೆಯಲ್ಲಿ ಜೊತೆಗೆ ಆರಿಸುವ ಕದಿರಮ್ಮ ತಮಾಷೆಯ ಹೆಂಗಸು. “ಏಮ್ಮಾ ಸುವಾರ್ತಾ,” ಎನ್ನುತ್ತಾಳೆ, “ಈ ಸಲ ಗೂಡಿಗೆ ಒಳ್ಳೆ ರೇಟು ಸಿಗ್ಲಿ ಅಂತ ಮಗಳ ಕೈಲಿ ಬೇಡಿಸೇ. ನಿಮ್ಮನೆ ಅರ್ಜಿ ಬೇಗ ಮುಟ್ಟುತ್ತೆ!” ಸಾಲಿನಲ್ಲಿದ್ದವರೆಲ್ಲ ಗೊಳ್ಳೆಂದು ನಗುತ್ತಾರೆ, ಮುನಿಶಾಮಮ್ಮನೂ. ಸುವಾರ್ತಮ್ಮನೂ ನಗುತ್ತಾರೆ. ಕೈ ಮಾತ್ರ ನಿಲ್ಲುತ್ತದೆ. ಯಾರು ನೆನಪಿಟ್ಟುಕೊಂಡಿದ್ದಾರೆ ಎಂದು ಬೆಳಿಗ್ಗೆ ತಾವೇ ಕೇಳಿದ್ದರು.

ಮಧ್ಯಾಹ್ನ ಮುದ್ದೆ ಮುರಿಯುತ್ತ, ಯಾರೂ ಕೇಳದೆಯೇ ಸುವಾರ್ತಮ್ಮ ಹೇಳುತ್ತಾರೆ: “ಮಕ್ಕಳಿಗೆ ನಾನು ಕೊಡೋಕೆ ಇದ್ದಿದ್ದು ಇದೊಂದೇ. ಹೊಲ ಇಲ್ಲ, ಸ್ವಂತ ಮನೆ ಇಲ್ಲ. ಕಷ್ಟ ಬಂದಾಗ ಯಾರ ಹತ್ರ ಹೇಳ್ಕೋಬೇಕು ಅಂತ ತೋರಿಸ್ಕೊಟ್ಟೆ. ನಾನೇ ಆ ಬಾಗ್ಲು ಹಾಕ್ಬಿಟ್ಟೆ. ಅವಳು ಮಾತಾಡ್ಲಿ ಅಷ್ಟೇ. ನಂಗೆ ಕೇಳಿಸ್ಬೇಕು ಅಂತೇನಿಲ್ಲ.”

ದೀಪ ಹಚ್ಚುವ ಹೊತ್ತಿಗೆ ಚಾಪೆ ಹಾಸಿದೆ. ದಾವೀದಪ್ಪ ಓದಿ ಮುಗಿಸುತ್ತಾರೆ. ಎಸ್ತೇರಳ ಸರದಿಯ ಮೌನ ಬರುತ್ತದೆ. ಕೃಪ ಬಾಯಿ ತೆರೆಯುವ ಮೊದಲೇ ಸುವಾರ್ತಮ್ಮ ಶುರು ಮಾಡುತ್ತಾರೆ.

“ದೇವುಡಾ, ನನ್ ಮಗು ನಿನ್ನ ಹತ್ರ ಹೇಳ್ಕೊಂಡಿದ್ದನ್ನ ನಾನು ಊರಿಗೆ ಹೇಳ್ಬಿಟ್ಟೆ. ಹೆಚ್ಚುಗಾರಿಕೆಗೆ ಹೇಳ್ದೆ. ತಪ್ಪಾಯ್ತು ತಂದೆ. ನನ್ನ ಕ್ಷಮಿಸು.”

ಮೂರು ವರ್ಷದಲ್ಲಿ ಈ ಮಾತು ಬಾಯಿಂದ ಹೊರಬಿದ್ದದ್ದು ಇದೇ ಮೊದಲು. ಎಸ್ತೇರು ಕಣ್ಣು ತೆರೆಯುತ್ತಾಳೆ.

“ಅವನನ್ನ ಕೇಳ್ತಿದೀಯ. ನನ್ನ ಯಾವತ್ತಾದ್ರೂ ಕೇಳಿದೀಯಾ ಅಮ್ಮ?”

ಎದ್ದು ಹೊರಗೆ ನಡೆಯುತ್ತಾಳೆ. ಅವಳ ಹೆಜ್ಜೆ ಬೀದಿಗೆ ಇಳಿದದ್ದು ಒಳಗೆ ಕೇಳಿಸುತ್ತದೆ.

ಸುವಾರ್ತಮ್ಮನ ಕೈಗಳು ಇನ್ನೂ ಜೋಡಿಸಿಯೇ ಇವೆ. “ಪ್ರಾರ್ಥನೆ ಮುಗ್ಸು, ಆಮೇಲೆ ಹೋಗುವಂತೆ,” ಎನ್ನುತ್ತಾರೆ ದಾವೀದಪ್ಪ ಮೆಲ್ಲಗೆ.

“ಅವನು ಕಾಯ್ತಾನೆ ಬಿಡಿ,” ಎಂದು ಸುವಾರ್ತಮ್ಮ ಎದ್ದು, ಬರಿಗಾಲಲ್ಲೇ ಮಗಳು ಹೋದ ದಿಕ್ಕಿಗೆ ಹೋಗುತ್ತಾರೆ.

ಕೃಪ ಒಂದು ಕಣ್ಣು ತೆರೆದು ಕೇಳುತ್ತಾಳೆ: “ಆಮೆನ್ ಅನ್ಲಾ ಅಪ್ಪ?”

“ಇರಮ್ಮ.”

ಅಪ್ಪ, ಮಗಳು ಇಬ್ಬರೂ ಕಾಯುತ್ತಾರೆ. ಆ ಸಂಜೆ ಸುವಾರ್ತಮ್ಮ ಪ್ರಾರ್ಥನೆ ಮುಗಿಸಲು ಚಾಪೆಗೆ ಮರಳುವುದಿಲ್ಲ.